ತಾಯಿಪುಡಿ

ಮಾರ್ಚ್ ೩, ಸೋಮವಾರ

ಇವತ್ತೂ ವಾಂತಿ. ಪ್ರಯೋಗಾಲಯದ ಶೌಚಾಲಯದಲ್ಲಿ, ಯಾರಿಗೂ ಸದ್ದು ಕೇಳಿಸಬಾರದೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು. ಬಾಯಿ ತೊಳೆದು ಕನ್ನಡಿ ನೋಡಿಕೊಂಡರೆ ಅಲ್ಲಿ ಕಳ್ಳಿಯ ಮುಖ. ಏನು ಕದ್ದಿದ್ದೇನೆಂದು ಇಲ್ಲಿಯಾದರೂ ಬರೆದುಬಿಡುತ್ತೇನೆ: ನಾನು ಮತ್ತೆ ಬಸುರಿ.

ವಿಷಯ ಗೊತ್ತಿರುವುದು ನನ್ನ ಗಂಡನಿಗೆ ಮತ್ತು ಡಾಕ್ಟರಿಗೆ, ಅಷ್ಟೆ. ಹೋದ ವರ್ಷ ಎರಡನೇ ತಿಂಗಳಿಗೇ ಊರಿಗೆಲ್ಲ ಡಂಗುರ ಸಾರಿದ್ದೆವು. ಅತ್ತೆಯಂತೂ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದಿದ್ದರು. ನಾಲ್ಕನೇ ತಿಂಗಳಲ್ಲಿ ಹೋಯಿತು. ಆಮೇಲೆ ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ದಿನ ಕೇಳಿದರು, ಒಬ್ಬೊಬ್ಬರಿಗೂ ಹೊಸದಾಗಿ ಹೇಳಿದೆ. ಬೀದಿಯವರು ಕೇಳಲೇ ಇಲ್ಲ. ನಾನು ಎದುರಾದರೆ ಆಕಾಶ ನೋಡುತ್ತ ಹೋಗುತ್ತಿದ್ದರು. ಯಾವುದು ಹೆಚ್ಚು ಸಂಕಟ ಎಂದು ಇವತ್ತಿಗೂ ಹೇಳಲಾರೆ.

ಈ ಸಲ ಏಪ್ರಿಲ್ ಕೊನೆಯ ವಾರ ದಾಟಲಿ. ಹೋದ ಸಲ ಕಳೆದುಕೊಂಡದ್ದು ಅಷ್ಟೇ ದಿನ ತುಂಬಿದಾಗ. ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನುವುದಿಲ್ಲ, ಏನೂ ಕೊಳ್ಳುವುದಿಲ್ಲ, ಏನೂ ಅಂದುಕೊಳ್ಳುವುದಿಲ್ಲ. ಕೆಲಸ ಬೇಕಾದಷ್ಟಿದೆ.

ಮಾರ್ಚ್ ೬, ಗುರುವಾರ

ಮಕ್ಕಳಿಗೆ ಕೊಡುವ ಮಗುಪುಡಿ ಹೋದ ತಿಂಗಳೇ ಪರೀಕ್ಷೆ ಗೆದ್ದು ಕಾರ್ಖಾನೆಗೆ ಹೋಯಿತು. ಉಳಿದಿರುವುದು ತಾಯಿಪುಡಿ. ಹುರಿದ ಗೋಧಿ, ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಮೇಲೆ ಜೀವಸತ್ವಗಳು, ಕಬ್ಬಿಣಾಂಶ. ತಾಯಂದಿರ ಕೇಂದ್ರಗಳಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಪುಕ್ಕಟೆ ಕೊಡುವ ಪ್ಯಾಕೆಟ್ಟು ಇದು. ರಕ್ತ ಕಡಿಮೆ ಇರುವವರಿಗೆ, ತೂಕ ಏರದವರಿಗೆ ಇದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಏಪ್ರಿಲ್ ಕೊನೆಗೆ ನಮ್ಮ ಒಪ್ಪಿಗೆ ಬಿದ್ದರೆ ಇಡೀ ವರ್ಷದ ಸರಕು ಒಂದೇ ಅಳತೆಯಲ್ಲಿ ತಯಾರಾಗಿಬಿಡುತ್ತದೆ.

ಬೆಳಗ್ಗೆ ರುಚಿ ನೋಡುವವರನ್ನು ಕೂರಿಸಿದೆ. ಅದು ನನ್ನ ಕೆಲಸ. ಕೂರಿಸುವುದು, ಕುಡಿಸುವುದು, ಅಂಕ ಬರೆಸಿಕೊಳ್ಳುವುದು. ಲೆಕ್ಕ ವಿಭಾಗದಿಂದ ಇಬ್ಬರು, ಕಾವಲಿನವನು, ಗ್ರಂಥಾಲಯದವಳು, ವ್ಯಾನಿನ ಚಾಲಕ, ಹೀಗೆ. ಬಾಗಿಲಿಗೆ ಅಂಟಿಸಿದ ನಿಯಮ ಹಳೆಯದು: ನೆಗಡಿ ಇರುವವರು, ಬೀಡಿ ಸಿಗರೇಟು ಸೇದುವವರು, ಬಸುರಿಯರು ಬೇಡ. ಸುರಕ್ಷಿತವೆಂದು ಸಾಬೀತಾಗದ ಹೊಸ ಪುಡಿಯನ್ನು ಬಸುರಿಯರಿಗೆ ತಿನ್ನಿಸುವಂತಿಲ್ಲ, ಸರಿಯಾದ ನಿಯಮವೇ. ಎಲ್ಲರೂ ವೆನಿಲಾ ಪರಿಮಳ ಹೊಗಳಿದರು. ಕಬ್ಬಿಣದ ವಾಸನೆ ಮುಚ್ಚಲು ವೆನಿಲಾ ಹಾಕೋಣ ಎಂದವಳು ನಾನು. ಚಾಲಕನಿಗೆ ಇನ್ನೊಂದು ಲೋಟ ಬೇಕಿತ್ತು. ಅವನಿಗೆ ಪ್ರತಿ ಸಲವೂ ಬೇಕು.

ನಾನು ಕಿಟಕಿಯ ಪಕ್ಕ ನಿಂತು ಬಾಯಲ್ಲಿ ಉಸಿರಾಡಿದೆ.

ಮಾರ್ಚ್ ೧೮, ಮಂಗಳವಾರ

ಕೇಂದ್ರಕ್ಕೆ ಹೋಗಿದ್ದೆ. ಸುರಕ್ಷತೆಯ ಪರೀಕ್ಷೆ ಮುಗಿದ ಮೇಲೆ ಒಂದಷ್ಟು ಪ್ಯಾಕೆಟ್ಟು ಅಲ್ಲಿ ಕೊಟ್ಟು ನೋಡುತ್ತಿದ್ದೇವೆ. ಉದ್ದನೆಯ ಕೋಣೆ, ಗೋಡೆಗೆ ತಾಗಿಸಿದ ಬೆಂಚುಗಳು, ಮೂಲೆಯಲ್ಲಿ ತೂಕದ ಯಂತ್ರ, ದೊಡ್ಡ ಕೆಟಲಿನಲ್ಲಿ ಬಿಸಿನೀರು. ಕೇಂದ್ರ ನೋಡಿಕೊಳ್ಳುವ ಅಕ್ಕ ಚುರುಕಿನ ಹೆಂಗಸು. ಲೋಟಕ್ಕೆ ಪುಡಿ ಸುರಿದು, ನೀರು ಹುಯ್ದು, ಚಮಚ ತಿರುಗಿಸುತ್ತಲೇ ಅರ್ಧ ಸಂಸಾರದ ಕಥೆ ಕೇಳಿ ಮುಗಿಸುತ್ತಾಳೆ. ಹೇಗಿದೆ ಎಂದು ನಾನು ಕೇಳಿದವರೆಲ್ಲ ಚೆನ್ನಾಗಿದೆ ಎಂದರು. ಒಬ್ಬಳು ಬಹಳ ಉಪಕಾರ ಆಯಿತು ಎಂದಳು. ಉತ್ತರದ ಹಾಳೆಗಳಲ್ಲೂ ಅದೇ, ಚೆನ್ನಾಗಿದೆ, ಚೆನ್ನಾಗಿದೆ.

ಅಷ್ಟರಲ್ಲಿ ಬಿಸಿನೀರಿನಿಂದೆದ್ದ ವೆನಿಲಾ ನನ್ನ ಮೂಗಿಗೆ ಹೊಡೆಯಿತು. ಅದರ ಕೆಳಗೇ ಅವಿತುಕೊಂಡಿರುವ ಕಬ್ಬಿಣ. ಫೋನ್ ಬಂದಂತೆ ನಟಿಸಿ ಹಿತ್ತಲಿಗೆ ಓಡಿದೆ. ಅಲ್ಲಿ ನಲ್ಲಿಯ ಹತ್ತಿರ ತೆಳ್ಳನೆಯ ಒಬ್ಬಳು ತನ್ನ ಲೋಟವನ್ನು ಮೋರಿಗೆ ಸುರಿಯುತ್ತಿದ್ದಳು. ಮೋರಿಯ ಅಂಚಿಗೆಲ್ಲ ಒಣಗಿದ ಪುಡಿಯ ಬಿಳಿ ಪದರ. ಅಂದರೆ ಇವಳೊಬ್ಬಳದೇ ಅಲ್ಲ. ಅವಳು ನನ್ನನ್ನು ಕಂಡು ಬೆಚ್ಚಿದಳು. ನಾನು ಅವಳ ಪಕ್ಕದಲ್ಲೇ ಬಾಗಿ ವಾಂತಿ ಮಾಡಿಕೊಂಡೆ.

ಅವಳು ನಲ್ಲಿ ಬಿಟ್ಟು, ನನ್ನ ಬೆನ್ನು ಸವರಿ, ಸಣ್ಣ ದನಿಯಲ್ಲಿ ಕೇಳಿದಳು, "ನಿಮಗೂನಾ?"

"ಇಲ್ಲ," ಎಂದೆ. "ಬಿಸಿಲು."

ಅವಳು ಮೇಲೆ ನೋಡಿದಳು. ಬೆಳಗಿನಿಂದ ಮೋಡ ಮುಚ್ಚಿತ್ತು. ಲೋಟ ತೊಳೆದುಕೊಂಡು ಒಳಗೆ ಹೋದಳು.

ಮಾರ್ಚ್ ೧೯, ಬುಧವಾರ

ಆ "ಇಲ್ಲ" ಇನ್ನೂ ಗಂಟಲಲ್ಲೇ ಇದೆ.

ಏಪ್ರಿಲ್ ೨, ಬುಧವಾರ

ನಮ್ಮ ಮುಖ್ಯಸ್ಥರ ಹತ್ತಿರ ಹೋದೆ. ಅವರಿಗೆ ನಾವಿಟ್ಟ ಹೆಸರು ಮಿಲಿಗ್ರಾಂ. ಊಟದ ಡಬ್ಬಿ ತೆರೆದರೂ ಅದರಲ್ಲಿ ಉಪ್ಪು ಎಷ್ಟಿದೆ ಎಂದು ಕೇಳುವ ಮನುಷ್ಯ. ಒಳ್ಳೆಯವರು, ಆದರೆ ಸಂಖ್ಯೆಯಿಲ್ಲದ ಮಾತು ಅವರ ಕಿವಿಗೆ ಇಳಿಯುವುದಿಲ್ಲ. ಕೇಂದ್ರದಲ್ಲಿ ಹೆಂಗಸರು ಪುಡಿ ಚೆಲ್ಲುತ್ತಿದ್ದಾರೆ, ಬಿಸಿನೀರಿಗೆ ಹಾಕಿದಾಗ ವಾಸನೆ ಏಳುತ್ತದೆ ಎಂದೆ. ಎಷ್ಟು ಜನ ಚೆಲ್ಲಿದರು ಎಂದು ಕೇಳಿದರು. ಕಂಡದ್ದು ಒಬ್ಬಳು, ಮೋರಿಯಲ್ಲಿ ಮಾತ್ರ ಬಹಳ ಜನರದು ಎಂದೆ. ಹಾಳೆಗಳನ್ನು ತರಿಸಿದರು. ಎಲ್ಲದರಲ್ಲೂ ಚೆನ್ನಾಗಿದೆ.

ಬಿಸಿಯಾಗಿ ಕೊಟ್ಟು ಇನ್ನೊಂದು ಸಲ ರುಚಿ ನೋಡಿಸಿ ಎಂದರು. ಅಷ್ಟಕ್ಕಾದರೂ ಒಪ್ಪಿದರಲ್ಲ.

ಏಪ್ರಿಲ್ ೧೧, ಶುಕ್ರವಾರ

ಬಿಸಿಯಾಗಿ ಕೊಟ್ಟೆ. ಅಂಕಗಳು ಏರಿದವು. ಗ್ರಂಥಾಲಯದವಳಿಗೆ ಅಜ್ಜಿಮನೆ ನೆನಪಾಯಿತಂತೆ. ಚಾಲಕ ಮೂರು ಲೋಟ ಇಳಿಸಿ, ಇದನ್ನು ಅಂಗಡಿಗೆ ಬಿಡುವುದಿಲ್ಲವೇ ಎಂದು ವಿಚಾರಿಸಿದ. ನನ್ನ ಗುಂಡಿ ನಾನೇ ತೋಡಿಕೊಂಡ ಹಾಗಾಯಿತು.

ನನ್ನ ಹತ್ತಿರ ಇರುವ ಆಧಾರ ಒಂದೇ, ನನ್ನ ಹೊಟ್ಟೆ. ಅದನ್ನು ಮೇಜಿನ ಮೇಲಿಟ್ಟರೆ ಗುಟ್ಟು ರಟ್ಟು. ಇಡದಿದ್ದರೆ ಒಂದು ವರ್ಷದ ಪುಡಿ ಮೋರಿಗೆ, ರಕ್ತ ಕಡಿಮೆ ಇರುವವರಿಗೆ ಏನೂ ಇಲ್ಲ. ಒಪ್ಪಿಗೆಯ ಸಭೆ ಇಪ್ಪತ್ತನಾಲ್ಕಕ್ಕೆ. ಒಂದು ವಾರ ತಡವಾಗಿ ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಮತ್ತೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಕೇಳುವುದು, ನಾನು ಒಬ್ಬೊಬ್ಬರಿಗೂ ಹೇಳುವುದು. ನನ್ನಿಂದ ಆಗುವುದಿಲ್ಲ. ಆಗುವುದೇ ಇಲ್ಲ.

ಏಪ್ರಿಲ್ ೨೦, ಭಾನುವಾರ

ಕೆಲವು ವಾರಗಳಿಂದ ಬೆಳಗ್ಗೆ ಎದ್ದರೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಒಂದು ತಟ್ಟೆ, ಅದರಲ್ಲಿ ಒಣಗಿಸಿದ ಬ್ರೆಡ್ ಚೂರು ಇರುತ್ತಿತ್ತು. ಗಂಡ ಇಟ್ಟದ್ದು ಎಂದುಕೊಂಡಿದ್ದೆ. ಪರವಾಗಿಲ್ಲವೇ, ಲಿಫ್ಟ್ ರಿಪೇರಿಗೆ ಬೆಳಗಾಗುವ ಮೊದಲೇ ಓಡುವ ಮನುಷ್ಯನಿಗೆ ಇಷ್ಟು ತಿಳಿವಳಿಕೆ ಎಲ್ಲಿಂದ ಬಂತು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೂ ಇದ್ದೆ. ಇವತ್ತು ಕೇಳಿದರೆ, ಯಾವ ತಟ್ಟೆ ಎಂದರು.

ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಮಗ ಬಾಯಿ ಬಿಟ್ಟನೋ ಎಂದು ಕೇಳಲು ಹೋದೆ, ಕೋಪ ಮೂಗಿನ ತುದಿಯಲ್ಲೇ ಇತ್ತು. ಅವರು ದಾರ ಪೋಣಿಸುತ್ತ, ತಲೆಯೆತ್ತದೆ ಹೇಳಿದರು:

"ಅವನೇನೂ ಹೇಳಿಲ್ಲ. ನಂಗೆ ಕಣ್ಣಿಲ್ವಾ? ನಾನೂ ಯಾರಿಗೂ ಹೇಳಿಲ್ಲಮ್ಮ. ಹೋದ ಸಲ ಬಾಯಿ ಬಡ್ಕೊಂಡು ಬಂದಿದ್ದು ನಾನು ತಾನೆ? ಆಮೇಲೆ ನಾನೇ ಮನೆ ಮನೆಗೂ ಹೋಗಿ ಹೇಳಿದೆ, ಹೀಗಾಯ್ತು, ಅವಳನ್ನ ಯಾರೂ ಏನೂ ಕೇಳ್ಬೇಡಿ, ಕೇಳೋದಿದ್ರೆ ನನ್ನನ್ನ ಕೇಳಿ ಅಂತ."

ಒಂದು ವರ್ಷದಿಂದ ಆಕಾಶ ನೋಡುವ ಆ ಜನರ ಮೇಲೆ ನಾನು ಹಲ್ಲು ಕಡಿಯುತ್ತಿದ್ದೆ. ಅತ್ತೆಯ ಮೇಲೂ. ಅವರು ಒಂದೊಂದೇ ಬಾಗಿಲು ತಟ್ಟಿ ಅದನ್ನು ಹೇಳಿ ಬಂದಿದ್ದರು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ. ನನಗೆ ಅಳು ಬಂತು. ಅತ್ತೆ, ದಾರ ಸೂಜಿಗೆ ಹೋಗುತ್ತಿಲ್ಲ, ನೀನೇ ಪೋಣಿಸು ಎಂದು ದಾರದ ತುದಿಯನ್ನು ಕೈಗೆ ಕೊಟ್ಟರು. ಅಳುತ್ತಲೇ ಪೋಣಿಸಿಕೊಟ್ಟೆ.

ಆಮೇಲೆ ಪುಡಿಯ ಸಂಗತಿಯನ್ನೂ ಹೇಳಿದೆ. ಅವರು ಯಾವ ಬುದ್ಧಿಯನ್ನೂ ಹೇಳಲಿಲ್ಲ. ಅಷ್ಟು ನಾರುತ್ತದೆಯೇ ಎಂದು ಒಂದು ಪ್ಯಾಕೆಟ್ ಬಿಸಿನೀರಿನಲ್ಲಿ ಕಲಸಿ ತಾವೇ ಕುಡಿದು, ಚೆನ್ನಾಗಿದೆಯಲ್ಲ ಎಂದರು. ಇಬ್ಬರಿಗೂ ನಗು ಬಂತು. ನಾನು ನಗುತ್ತಲೇ ಬಚ್ಚಲಿಗೆ ಓಡಿದೆ.

ಏಪ್ರಿಲ್ ೨೪, ಗುರುವಾರ

ಹೇಳಿಬಿಟ್ಟೆ.

ಸಭೆಯ ಕೋಣೆಯಲ್ಲಿ ಆರೇಳು ಜನ. ಕಾರ್ಖಾನೆಯವರು ಪೆನ್ನು ತೆರೆದೇ ಕೂತಿದ್ದರು. ಮಿಲಿಗ್ರಾಂ ಅಂಕಗಳನ್ನೆಲ್ಲ ಓದಿ, ಯಾರಿಗಾದರೂ ಆಕ್ಷೇಪ ಇದೆಯೇ ಎಂದು ಕೇಳಿದರು. ನಾನು ಇದೆ ಎಂದೆ. ಬಿಸಿನೀರು, ವಾಸನೆ, ಮೋರಿ, ಮತ್ತೆ ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಕೇಳಿಸಿತು.

"ನಿಮ್ಮ ಕಾಳಜಿ ಅರ್ಥ ಆಗುತ್ತೆ," ಎಂದರು ಅವರು. "ಆದ್ರೆ ಸಂಖ್ಯೆ ಎಲ್ಲಿದೆ?"

"ಒಂದು ಇದೆ ಸರ್. ನಾನು."

ಅವರಿಗೆ ತಿಳಿಯಲಿಲ್ಲ. ಯಾರಿಗೂ ತಿಳಿಯಲಿಲ್ಲ.

"ನಾನು ಬಸುರಿ. ಈ ಪುಡಿ ಬಿಸಿನೀರಿಗೆ ಬಿದ್ದ ಕೂಡಲೇ ನನಗೆ ವಾಂತಿ ಬರುತ್ತೆ. ಮೊದಲು ಬರ್ತಿರ್ಲಿಲ್ಲ. ಇದನ್ನ ಕುಡಿಯೋರು ಬಸುರಿಯರು, ಆದ್ರೆ ನಮ್ಮ ಬಾಗಿಲಲ್ಲಿ ಬಸುರಿಯರು ಬೇಡ ಅಂತ ಬರೆದಿದೆ. ವೆನಿಲಾ ಹಾಕಿ ಅಂದೋಳು ನಾನೇ ಸರ್. ತೆಗೀರಿ ಅಂತಿರೋದೂ ನಾನೇ."

ಕಾರ್ಖಾನೆಯವರು ಪೆನ್ನಿನ ಮುಚ್ಚಳ ಹಾಕಿದರು. ಮಿಲಿಗ್ರಾಂ ಎದ್ದರು, ಕಿಟಕಿ ತೆರೆದರು, ನನ್ನ ಕುರ್ಚಿಯನ್ನು ಗಾಳಿ ಬರುವ ಕಡೆ ಎಳೆದು ಹಾಕಿದರು. ಅಭಿನಂದನೆ ಇಲ್ಲ, ಅಯ್ಯೋ ಪಾಪ ಇಲ್ಲ. ಮತ್ತೆ ಕೂತು, ಹಾಳೆ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು:

"ನೀರು ಎಷ್ಟು ಬಿಸಿ ಇದ್ದಾಗ ಶುರುವಾಗುತ್ತೆ?"

ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ನನ್ನಿಂದ ಹೇಗೆ ಹೊರಬಿತ್ತೆಂದರೆ ಪಕ್ಕದವರು ತಿರುಗಿ ನೋಡಿದರು. ಒಬ್ಬಳ ಹೊಟ್ಟೆಯನ್ನು ನಂಬಿ ಪುಡಿ ಬದಲಿಸಲಾಗುವುದಿಲ್ಲ ಎಂದರು, ಅದು ನ್ಯಾಯವೇ. ಬದಲಿಸಿ ಮಾಡುವ, ಪರೀಕ್ಷೆ ಮುಗಿಯದ ಪುಡಿಯನ್ನು ಬಸುರಿಯರಿಗೆ ತಿನ್ನಿಸುವಂತಿಲ್ಲ ಎಂಬುದೂ ನಿಜ. ತಿನ್ನುವುದು ಬೇಡ, ಬರೀ ಮೂಸಿ ನೋಡಲಿ ಎಂದೆ. ಮೂಸುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಒಪ್ಪಿಗೆಯನ್ನು ಮುಂದೂಡಿದರು.

ಏಪ್ರಿಲ್ ೨೫, ಶುಕ್ರವಾರ

ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡಕ್ಕೆ ಗೊತ್ತಾಗಿದೆ. ಗ್ರಂಥಾಲಯದವಳು ನನ್ನ ಕೈಹಿಡಿದು ಸುಮ್ಮನೆ ನಿಂತಳು. ಚಾಲಕ ವ್ಯಾನಿನಲ್ಲಿ ಇಟ್ಟುಕೊಳ್ಳುವ ಸುಗಂಧದ ಡಬ್ಬಿಯನ್ನು ತಾನಾಗಿಯೇ ತೆಗೆದು ಬಿಸಾಡಿದ್ದಾನೆ. ಶೌಚಾಲಯಕ್ಕೆ ಹೋದಾಗ ನಲ್ಲಿ ತಿರುಗಿಸಲಿಲ್ಲ. ಏನು ಸುಖ!

ಮೂಸುವ ಪರೀಕ್ಷೆಗೆ ಮುಚ್ಚಳದ ಲೋಟಗಳು ಬೇಕು. ಗಾಜಿನವೇ ಆಗಬೇಕು, ಪ್ಲಾಸ್ಟಿಕ್ ತಾನೇ ನಾರುತ್ತದೆ.

ಮೇ ೨, ಶುಕ್ರವಾರ

ಬೆಳಗ್ಗೆ ಇವರು ಕ್ಯಾಲೆಂಡರಿನ ಹಾಳೆ ತಿರುವಿ ಅದರ ಮುಂದೆಯೇ ನಿಂತುಬಿಟ್ಟಿದ್ದರು. ಕೆಲಸಕ್ಕೆ ಹೊತ್ತಾಗಲಿಲ್ಲವೇ ಎಂದೆ. ಏನಿಲ್ಲ, ತಿಂಗಳು ಮುಗಿಯಿತಲ್ಲ ಎಂದರು. ಕಣ್ಣು ಯಾಕೋ ಕೆಂಪಾಗಿತ್ತು, ಲಿಫ್ಟಿನ ಹೊಂಡದ ಧೂಳಿರಬೇಕು. ಕನ್ನಡಕ ಹಾಕಿಕೊಂಡು ಕೆಲಸ ಮಾಡಿ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

ಗಾಜಿನ ಲೋಟ ಬಂದವು. ಅರ್ಧಕ್ಕೆ ಮುಚ್ಚಳ ಕೂರುವುದಿಲ್ಲ. ವಾಪಸು ಕಳಿಸಲು ಇಡೀ ದಿನ ಹೋಯಿತು.

ಮೇ ೧೪, ಬುಧವಾರ

ಇವತ್ತಿನಷ್ಟು ನಾನು ಈ ಕೆಲಸದಲ್ಲಿ ಎಂದೂ ನಕ್ಕಿಲ್ಲ.

ಕೇಂದ್ರದ ಅಕ್ಕ ಹೊಸದಾಗಿ ಬಸುರಿಯಾದವರನ್ನೇ ಆರಿಸಿ ಕೂರಿಸಿದ್ದಳು. ಮೊದಲು ಎಲ್ಲರೂ ಹಳೆಯ ಪಾಠವನ್ನೇ ಒಪ್ಪಿಸಿದರು. ಚೆನ್ನಾಗಿದೆ, ಉಪಕಾರ ಆಯಿತು. ಆಗ ಹೊಳೆಯಿತು. ಪುಕ್ಕಟೆ ಕೊಟ್ಟವರ ಮುಂದೆ ಯಾರು ಮೂಗು ಮುರಿಯುತ್ತಾರೆ? ನಾನು ಎದ್ದು ನಿಂತು ಹೇಳಿದೆ, ಇವತ್ತು ನಾವು ನಿಮಗೆ ಏನನ್ನೂ ಕೊಡುತ್ತಿಲ್ಲ, ನಿಮ್ಮಿಂದ ಕೆಲಸ ತಗೊಳ್ಳುತ್ತಿದ್ದೇವೆ. ನನಗೂ ಐದನೇ ತಿಂಗಳು ಹತ್ತಿರ ಬಂತು, ಈ ಲೋಟಗಳಲ್ಲಿ ಒಂದು ನನ್ನನ್ನು ಮೂರು ತಿಂಗಳು ಬಚ್ಚಲಿಗೆ ಓಡಿಸಿದೆ. ಅದು ಯಾವುದು ಎಂದು ಕಂಡುಹಿಡಿಯಿರಿ.

ಅಷ್ಟೇ ಸಾಕಾಯಿತು. ನ್ಯಾಯಾಧೀಶರ ಹಾಗೆ ನೆಟ್ಟಗೆ ಕೂತರು. ಒಬ್ಬೊಬ್ಬರೂ ಮುಚ್ಚಳ ತೆಗೆದು ಮೂಸಿದರು. ವೆನಿಲಾ ಹಾಕಿದ ಬಿಸಿ ಲೋಟ ಬಂದಾಗ ಮೊದಲನೆಯವಳು ಮುಖ ಹಿಂಡಿ, ಸಾಬೂನಿನ ನೀರಲ್ಲಿ ಬೀಗದ ಕೈ ನೆನೆಹಾಕಿದ ಹಾಗಿದೆ ಎಂದಳು. ಎರಡನೆಯವಳು ಇದನ್ನು ಮಾಡಿದವರು ಯಾರು, ಅವರ ಮನೆಯಲ್ಲಿ ಹೆಂಗಸರಿಲ್ಲವೇ ಎಂದು ಕೇಳಿದಳು. ನಾನೇ ಎಂದೆ. ಇಡೀ ಬೆಂಚು ಹೋ ಎಂದು ನಕ್ಕಿತು. ಬರೆದುಕೊಳ್ಳುತ್ತಿದ್ದ ಮಿಲಿಗ್ರಾಂ, ಬೀಗದ ಕೈ ಎಂಬುದನ್ನು ಯಾವ ಅಂಕಣದಲ್ಲಿ ಹಾಕುವುದು ಎಂದು ನನ್ನ ಕಿವಿಯಲ್ಲಿ ಕೇಳಿದರು.

ಪರಿಮಳ ಹಾಕದೆ ತಣ್ಣೀರಿನಲ್ಲಿ ಕಲಸಿದ ಲೋಟವನ್ನು ಯಾರೂ ಬೈಯಲಿಲ್ಲ. ಏನೂ ವಾಸನೆ ಇಲ್ಲ, ಇದು ಪರವಾಗಿಲ್ಲ ಎಂದರು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಜೂನ್ ೫, ಗುರುವಾರ

ಹೊಸ ತಾಯಿಪುಡಿ. ವೆನಿಲಾ ಇಲ್ಲ. ಕಬ್ಬಿಣಾಂಶದ ಕಣಗಳಿಗೆ ತೆಳ್ಳನೆಯ ಕೊಬ್ಬಿನ ಲೇಪ ಹಾಕಿಸಿದ್ದೇವೆ, ಬಾಯಿಗೆ ತಾಗದೆ ಹೊಟ್ಟೆಯಲ್ಲಿ ಕರಗುತ್ತದೆ. ಬಿಸಿನೀರು ಬೇಕಿಲ್ಲ, ಕಾಯಿಸಿ ಆರಿಸಿದ ನೀರಿನಲ್ಲಿ ಗಂಟು ಕಟ್ಟದೆ ಕಲಸಿಕೊಳ್ಳುತ್ತದೆ. ಸುರಕ್ಷತೆಯ ಪರೀಕ್ಷೆಗಳೂ ಮುಗಿದವು.

ನಮ್ಮ ಆಫೀಸಿನ ರುಚಿಗಾರರಿಗೆ ಮಾತ್ರ ಹಿಡಿಸಲಿಲ್ಲ. ಅಂಕ ಪಾತಾಳಕ್ಕಿಳಿದವು. ಚಾಲಕ ಅರ್ಧ ಲೋಟ ಬಿಟ್ಟು, ಮೊದಲಿನದೇ ಚೆನ್ನಾಗಿತ್ತು, ಯಾರ ಮಾತು ಕೇಳಿ ಹಾಳು ಮಾಡಿದಿರಿ ಎಂದು ನೊಂದುಕೊಂಡ. ಕಾರ್ಖಾನೆಯವರು ಆ ಅಂಕಗಳನ್ನು ಹಿಡಿದುಕೊಂಡು ಎಳೆದಾಡಿದರು. ಮಿಲಿಗ್ರಾಂ ಜೀವನದಲ್ಲಿ ಮೊದಲ ಸಲ ಸಂಖ್ಯೆಯನ್ನು ಪಕ್ಕಕ್ಕಿಟ್ಟರು.

"ಚಾಲಕರು ಬಸುರಿಯಾದಾಗ ಹಳೇದನ್ನ ಮಾಡೋಣ," ಎಂದು ಸಹಿ ಹಾಕಿದರು.

ಜೂನ್ ೨೦, ಶುಕ್ರವಾರ

ಪ್ಯಾಕೆಟ್ಟಿನ ಮೇಲಿನ ಅಕ್ಷರ ದೊಡ್ಡದು ಮಾಡಿಸಿದೆ. ಬಿಸಿನೀರು ಬೇಡ ಎಂಬ ಸಾಲಿಗೆ ಚಿತ್ರವನ್ನೂ ಹಾಕಿಸಿದೆ. ಮಧ್ಯಾಹ್ನವೆಲ್ಲ ಒದೆತ. ಪ್ಯಾಕೆಟ್ಟಿನ ಮಾದರಿ ಹೊಟ್ಟೆಯ ಮೇಲೆ ಇಟ್ಟುಕೊಂಡು ತಿದ್ದುತ್ತಿದ್ದರೆ ಕೆಳಗೇ ಜಾರಿತು.

ಅತ್ತೆ ಪುಟ್ಟ ಪುಟ್ಟ ಅಂಗಿ ಹೊಲಿದು ರಾಶಿ ಹಾಕುತ್ತಿದ್ದಾರೆ. ಹಳದಿ ಬಣ್ಣ ಸಾಕು, ಹಸಿರು ತನ್ನಿ ಎಂದು ಬಟ್ಟೆ ತರಲು ದುಡ್ಡು ಕೊಟ್ಟೆ.

ಜುಲೈ ೯, ಬುಧವಾರ

ಇವತ್ತು ಕೇಂದ್ರದಲ್ಲಿ ಮೊದಲ ಸಲ ಹೊಸ ಪುಡಿ ಕೊಟ್ಟರು. ನಾನು ಹೋದದ್ದು ನೋಡಿ ಬರೆಯಲು. ಯಾರು ಎಷ್ಟು ಕುಡಿದರು, ಯಾರು ಬಿಟ್ಟರು, ಹಿತ್ತಲಿಗೆ ಯಾರು ಎದ್ದು ಹೋದರು. ಆದರೆ ಕೇಂದ್ರದ ಅಕ್ಕ ನನ್ನ ಹೊಟ್ಟೆ ನೋಡಿದವಳೇ, ನಿಂತುಕೊಂಡು ಏನು ನೋಡುತ್ತೀ ಎಂದು ಬೈದು, ತೂಕದ ಯಂತ್ರ ಹತ್ತಿಸಿ, ಸಾಲದು ಎಂದು ತಲೆಯಾಡಿಸಿ, ಬೆಂಚಿನ ಮೇಲೆ ಉಳಿದವರ ನಡುವೆ ಕೂರಿಸಿಬಿಟ್ಟಳು. ಕೈಗೊಂದು ಲೋಟವನ್ನೂ ಕೊಟ್ಟಳು.

ಪಕ್ಕದಲ್ಲಿ ದಪ್ಪ ಜಡೆಯ, ನನಗಿಂತ ಎಷ್ಟೋ ಚಿಕ್ಕವಳು. ಒಂದು ಮಗು ಕಾಲಿನ ಹತ್ತಿರ ಆಡುತ್ತಿತ್ತು, ಇನ್ನೊಂದು ಹೊಟ್ಟೆಯಲ್ಲಿ. ನಾನು ಲೋಟ ಹಿಡಿದು ಕೂತಿದ್ದೆ. ಅವಳು ನನ್ನ ಕಡೆ ತಿರುಗಿ ಕೇಳಿದಳು:

"ಮೊದಲನೇದಾ?"

"ಅಲ್ಲ," ಎಂದೆ. "ಎರಡನೇದು."

"ದೊಡ್ಡದು ಎಲ್ಲಿ?"

"ಅದು ಉಳೀಲಿಲ್ಲ."

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ, ಬಂದ ಮೇಲೆ ನಾನೇ ಒಂದು ಕ್ಷಣ ಕಾದೆ, ಏನಾದರೂ ಆಗಬಹುದೆಂದು. ಏನೂ ಆಗಲಿಲ್ಲ. ಹುಡುಗಿ ಹೂಂ ಎಂದಳು, ಆಕಾಶ ನೋಡಲಿಲ್ಲ. ತನ್ನ ಚೀಲ ತೊಡೆಯ ಮೇಲಿಟ್ಟುಕೊಂಡು, ನನಗೆ ಇನ್ನಷ್ಟು ಜಾಗ ಆಗುವಂತೆ ಸರಿದು ಕೂತಳು. ಇದು ಉಳಿಯುತ್ತೆ ಬಿಡಿ, ನೋಡಿದರೇ ಗೊತ್ತಾಗುತ್ತೆ ಎಂದಳು. ಏನು ನೋಡಿ ಗೊತ್ತಾಯಿತು ಎಂದು ಕೇಳಲಿಲ್ಲ. ಅವಳ ಮಾತನ್ನು ನಂಬಬೇಕೆನಿಸಿತು, ನಂಬಿದೆ. ಆಮೇಲೆ ಮಕ್ಕಳ ಹಲ್ಲು, ನಿದ್ದೆ, ಅವಳ ಅತ್ತೆ, ನನ್ನ ಅತ್ತೆ, ಹೀಗೆ ಏನೇನೋ ಮಾತಾಡಿದೆವು. ಹೊಟ್ಟೆ ತುಂಬ ಮಾತಾಡಿದೆವು.

ಮನೆಗೆ ಬಂದು ವರದಿ ಬರೆಯಲು ಕೂತರೆ ತಲೆ ಖಾಲಿ. ಯಾರು ಕುಡಿದರು, ಯಾರು ಬಿಟ್ಟರು, ಹಿತ್ತಲಿಗೆ ಯಾರು ಹೋದರು, ಒಂದನ್ನೂ ನೋಡಿಲ್ಲ. ನಾಳೆ ಮತ್ತೆ ಹೋಗಬೇಕು. ನನಗೆ ಖಂಡಿತವಾಗಿ ಗೊತ್ತಿರುವುದು ಒಂದೇ ಲೋಟದ ಸಂಗತಿ. ಮಾತಿನ ನಡುವೆ ಅಕ್ಕ ಬಂದು ಅದನ್ನು ಕೈಯಿಂದ ತೆಗೆದುಕೊಂಡು, ಬಗ್ಗಿಸಿ ನೋಡಿ, ಖಾಲಿಯಾಗಿದೆಯಲ್ಲ, ಇನ್ನೊಂದಿಷ್ಟು ಕಲಸಲೇ ಎಂದು ಕೇಳಿದಳು.

ಕಲಸಿ ಎಂದೆ.